ಒಣಸಾಂಡಾ?

ಈ ಊರಲ್ಲಿ ನಮಸ್ಕಾರವೆಂದರೆ ಒಂದು ಪ್ರಶ್ನೆ:
ಒಣಸಾಂಡಾ? ಊಟ ಆಯಿತಾ?
ಬಸ್ಸಿನ ಮೆಟ್ಟಿಲಲ್ಲಿ, ಮೀನು ಮಾರ್ಕೆಟ್ಟಿನ ಕೆಸರಲ್ಲಿ,
ಸಾವಿನ ಮನೆಯಂಗಳದಲ್ಲೂ, ಸ್ವಲ್ಪ ಹೊತ್ತು ಬಿಟ್ಟು.
ಉತ್ತರವೂ ಒಂದೇ: ಆಂಡ್. ಆಯಿತು.
ಇಪ್ಪತ್ತೊಂಬತ್ತು ವರ್ಷ ನಾನು ಸಂಬಳ ಎಣಿಸಿದ್ದು
ಆ ‘ಆಂಡ್’ ಅನ್ನು ನಂಬದೆ ಇದ್ದುದಕ್ಕೆ.

ಮೊದಲ ವರ್ಷ ಹೆಗಲ ಮೇಲೊಂದು ಚಾರ್ಟು,
ಎಲ್ಲೋ ದೂರದಲ್ಲಿ ಅಚ್ಚಾಗಿ ಸುರುಳಿ ಸುತ್ತಿ ಬಂದದ್ದು.
ಅದರಲ್ಲೊಬ್ಬಳು ಗರ್ಭಿಣಿ, ತಲೆ ತುಂಬ ಸೆರಗು,
ಎದುರಿಗೆ ತಟ್ಟೆ: ಚಪಾತಿ, ಸೇಬು, ಒಂದು ಲೋಟ ಹಾಲು,
ಹೆಸರು ಗೊತ್ತಿಲ್ಲದ ಯಾವುದೋ ಹಸಿರು.
ಬೆಂಗ್ರೆಯ ಅಂಗನವಾಡಿ ಗೋಡೆಗೆ ಅದನ್ನು ತೂಗಿ
‘ಪೌಷ್ಟಿಕಾಂಶ’ ಅಂದೆ, ‘ಕಬ್ಬಿಣಾಂಶ’ ಅಂದೆ,
‘ನಿಯಮಿತವಾಗಿ ಸೇವಿಸತಕ್ಕದ್ದು’ ಎಂದೂ ಅಂದಿರಬೇಕು.
ವಾರಿಜ ಸಾಲ್ಯಾನ್, ಮೊಣಕೈಗಂಟಿದ ಮೀನಿನ ಹುರುಪೆ ಕೆರೆಯುತ್ತಾ,
ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದಳು:
‘ಬಾಯೀ, ಇವಳಿಗೆ ಬೂತಾಯಿ ಆಗುವುದಿಲ್ವಾ?’
ನಗು ಕೊನೆಯ ಸಾಲಿನವರೆಗೆ ಹೋಗಿ ವಾಪಸು ಬಂತು.

ಅಂದು ರಾತ್ರಿ ಕಾಲೇಜಿನ ಪುಸ್ತಕ ತೆರೆದೆ.
ಬೂತಾಯಿ ಇತ್ತು, ಲ್ಯಾಟಿನ್ ಹೆಸರಿನಡಿಯಲ್ಲಿ ಅವಿತು.

ಆಮೇಲೆ ಬಾಯಿಗಿಂತ ಕಿವಿ ಹೆಚ್ಚು ಬಳಸಿದೆ.
ತಜಂಕ್ ರಸ್ತೆಬದಿಯಲ್ಲಿ ಪುಕ್ಕಟೆ,
ಆಟಿಯಲ್ಲಿ ನುಗ್ಗೆಸೊಪ್ಪು ಬೇಡವೆಂಬುದು ಅತ್ತೆಯ ಕಾನೂನು,
ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆಂಬುದು
ಅತ್ತೆಯ ಅತ್ತೆಯದು.
ಕಾನೂನು ಹಾಗಿರಲಿ, ಅತ್ತೆಯನ್ನು ಕರೆತನ್ನಿ ಎಂದೆ.
ಮೊದಲ ಸಾಲಲ್ಲಿ ಅವರಿಗೆ ಕುರ್ಚಿ ಹಾಕಿಸಿದೆ.
ಯೋಜನೆಯ ಯಾವ ಪುಟದಲ್ಲೂ ಇರಲಿಲ್ಲ
ಆ ಕುರ್ಚಿಗಳ ಬಾಡಿಗೆ.

ರೇಡಿಯೋದಲ್ಲಿ ಹದಿನೈದು ನಿಮಿಷ ಸಿಕ್ಕಿತು ಒಮ್ಮೆ.
‘ರಕ್ತಹೀನತೆ’ಯನ್ನು ಹೊಡೆದುಹಾಕಿ ಕೇಳಿದೆ:
ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೀರಾ?
ಮರುವಾರ ಹನ್ನೊಂದು ಕಾರ್ಡು. ಒಂದರಲ್ಲಿ ಇಷ್ಟೇ:
‘ನಮ್ಮ ಮನೆಗೆ ಮೆಟ್ಟಿಲಿಲ್ಲ.
ಬಾವಿಯ ಹಗ್ಗ ಹಿಡಿದು ನಿಲ್ಲುತ್ತೇನೆ, ಕೊಡ ಮೇಲೆ ಬಂದ ಮೇಲೂ.’
ಹೆಸರಿಲ್ಲ. ಅಂಚೆ ಮುದ್ರೆ ಕಾಪುವಿನದೋ ಕಟಪಾಡಿಯದೋ.
ಈಗಲೂ ಅಲ್ಲಿ ಬಸ್ಸು ನಿಂತಾಗೆಲ್ಲ
ಕಂಬಿ ಹಿಡಿದು ಹತ್ತುವ ಹೆಂಗಸರ
ಉಗುರು ನೋಡುತ್ತೇನೆ.

ತೊಕ್ಕೊಟ್ಟಿನ ನೆಬೀಸ, ದಿನಕ್ಕೆ ಸಾವಿರ ಬೀಡಿ.
ನಿನ್ನೆ ಬೆಳಗಿನಿಂದ ಏನೇನು ತಿಂದಿರಿ, ಎಂಬ ಫಾರಂ.
ಗಂಡನ ತಟ್ಟೆ ಹೇಳಿದಳು, ಮೂರು ಮಕ್ಕಳ ತಟ್ಟೆ,
ಮೀನಿನ ಯಾವ ತುಂಡು ಯಾರಿಗೆಂಬುದೂ ಬಾಯಿಪಾಠ.
ನಿಮ್ಮದು?
ಎಲೆಯ ಮೇಲೆ ಕತ್ತರಿ ಓಡುತ್ತಲೇ ಇತ್ತು.
‘ಉಳಿದದ್ದು’ ಅಂದಳು.
ಉಳಿದದ್ದಕ್ಕೆ ಎಷ್ಟು ಗ್ರಾಮು?
ಖಾನೆ ಖಾಲಿ ಬಿಟ್ಟು ಕಳಿಸಿದೆ. ಮೇಲಿನವರು ಕೆಂಪು ಶಾಯಿಯಲ್ಲಿ
‘ಅಪೂರ್ಣ’ ಎಂದು ಬರೆದು ಹಿಂತಿರುಗಿಸಿದರು.
ಅಷ್ಟು ಸರಿಯಾದ ಮಾತು ಆ ಕಚೇರಿಯಿಂದ
ಮತ್ತೆ ಬರಲಿಲ್ಲ.

ತೂಕದ ಪಟ್ಟಿಯಲ್ಲಿ ಎಷ್ಟು ಮಕ್ಕಳು
ಕೆಂಪಿನಿಂದ ಹಸಿರಿಗೆ ದಾಟಿದರು, ಲೆಕ್ಕ ಇಲಾಖೆಯಲ್ಲಿದೆ.
ದಾಟದವರದು ನನ್ನಲ್ಲಿದೆ,
ಹೆಸರು, ತೊಟ್ಟಿಲ ಸೀರೆಯ ಬಣ್ಣ.

ನಿವೃತ್ತಿಯ ವಾರ ದೋಣಿ ಹತ್ತಿ ಬೆಂಗ್ರೆಗೆ ಹೋದೆ.
ಮರಳ ಮೇಲೆ ಹಾಸಿತ್ತು ನನ್ನ ಹಳೇ ಚಾರ್ಟು,
ಪ್ಲಾಸ್ಟಿಕ್ಕು ಹೊದೆಸಿದ್ದು, ಹಾಗಾಗಿ ಬಾಳಿದ್ದು.
ಗರ್ಭಿಣಿಯ ಮುಖ ಬಿಸಿಲಿಗೆ ಮಾಸಿ
ಯಾರದೂ ಆಗಬಹುದಿತ್ತು.
ತಟ್ಟೆಯ ಮೇಲೆ, ಸೇಬು ಹಾಲು ಎಲ್ಲ ಮುಚ್ಚಿ,
ಸಣ್ಣ ಸಿಗಡಿ ಒಣಗುತ್ತಿತ್ತು.
ಮಡಿಲಲ್ಲಿ ಮೊಮ್ಮಗು, ಕಾಗೆ ಓಡಿಸುತ್ತಾ ವಾರಿಜ.
ಕೋಲು ಕೆಳಗಿಡದೆ ಕೇಳಿದಳು:
ಒಣಸಾಂಡಾ ಬಾಯೀ?

ಗಂಟೆ ಮೂರೂವರೆ.
ಬೆಳಗಿನದೊಂದು ಚಾ, ಎರಡು ಬಿಸ್ಕೂಟು.
ಆಂಡ್, ಅಂದೆ.

ಅವಳು ಏನೂ ಹೇಳದೆ
ನನ್ನ ಉಗುರು ನೋಡಿದಳು.